ಎಡ ಅಂಚಿನಿಂದ ಬಲ ಅಂಚಿಗೆ

ಜೂನ್ 9

ಹೊಸ ಟ್ಯಾಬ್ಲೆಟ್ ಬಂತು. ಹಳೆಯದರ ಗಾಜು ಒಡೆದು ಎಷ್ಟೋ ದಿನವಾಗಿತ್ತು. ಆ ಬಿರುಕಿನ ಮೇಲೇ ಎಂಟನೇ ತರಗತಿಯ ಕಪ್ಪೆಯ ಹೃದಯ, ಏಳನೇ ತರಗತಿಯ ಜಲಚಕ್ರ, ಎಲ್ಲವನ್ನೂ ಬಿಡಿಸಿ ಕಳಿಸಿದ್ದೆ. ಪಠ್ಯಪುಸ್ತಕದ ಕಂಪನಿಯವರಿಗೆ ನಾನು ಯಾವುದರ ಮೇಲೆ ಬಿಡಿಸಿದರೇನು, ಬಾಣದ ಗುರುತು ದಪ್ಪಗಿದ್ದರೆ ಸಾಕು.

ಪೆನ್ನು ಸರಿಯಾಗಿದೆಯೇ ನೋಡಲು ಇವರ ಕೈಗೆ ಕೊಟ್ಟೆ. ಎಡ ಅಂಚಿನಿಂದ ಬಲ ಅಂಚಿಗೆ ಒಂದೇ ಉಸಿರಿಗೆ ಒಂದು ಗೆರೆ ಎಳೆದು, "ನೋಡು, ಹೈವೇ. ನಾಲ್ಕನೇ ಗೇರ್‌ನಲ್ಲೇ ಹೋದೆ" ಅಂದರು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ಮೇಲೆ ಇವರು ಮಾಡಿದ ಮೊದಲ ತಮಾಷೆ. ನಾನೂ ನಕ್ಕೆ.

ಇಪ್ಪತ್ತು ವರ್ಷ ಊರಿಗೆಲ್ಲ ಕಾರು ಕಲಿಸಿದ ಮನುಷ್ಯ. ಹೋದ ತಿಂಗಳು ಕಲಿಯಲು ಬಂದ ಹೆಂಗಸೊಬ್ಬಳೇ ಇವರ ಕೈ ಮೇಲೆ ಕೈ ಇಟ್ಟು ಸ್ಟೀರಿಂಗ್ ತಿರುಗಿಸಬೇಕಾಯಿತಂತೆ. ಅವತ್ತು ಮನೆಗೆ ಬಂದವರು ಮತ್ತೆ ಡ್ರೈವಿಂಗ್ ಸ್ಕೂಲಿನ ಕಡೆ ಹೋಗಿಲ್ಲ. ನರಗಳ ಕಾಯಿಲೆ. ಸ್ನಾಯುಗಳು ಒಂದೊಂದಾಗಿ ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಮೊದಲು ಕೈ, ಆಮೇಲೆ ಕಾಲು, ಮಾತು, ಕೊನೆಗೆ ಉಸಿರು. ಔಷಧಿ ಇದೆ, ವಾಸಿ ಇಲ್ಲ.

ಇವರು ಸ್ನಾನಕ್ಕೆ ಹೋದಾಗ ಗೆರೆಯನ್ನು ದೊಡ್ಡದು ಮಾಡಿ ನೋಡಿದೆ. ಕಣ್ಣಿಗೆ ನೇರವಾಗಿ ಕಂಡ ಗೆರೆಯ ನಟ್ಟನಡುವೆ ಒಂದು ಸಣ್ಣ ಕುಸಿತ. ಪೆನ್ನಿನ ಒತ್ತಡ ಅಲ್ಲಿ ಒಮ್ಮೆ ಸೊನ್ನೆಗೆ ಇಳಿದು ಮತ್ತೆ ಎದ್ದಿದೆ. ಮನುಷ್ಯನೊಬ್ಬ ಮೆಟ್ಟಿಲು ತಪ್ಪಿ ಸಾವರಿಸಿಕೊಂಡ ಹಾಗೆ. ಅಳು ಬಂತು. ಅಳಿಸಲು ಮನಸ್ಸಾಗಲಿಲ್ಲ.

ಜೂನ್ 12

ದಿನಾ ಬೆಳಿಗ್ಗೆ ಒಂದು ಗೆರೆ ಎಂದು ಗೊತ್ತು ಮಾಡಿಕೊಂಡೆವು. ಇವರಿಗೂ ಅದೊಂದು ಆಟ. "ಇವತ್ತು ಘಾಟಿ ರಸ್ತೆ" ಎನ್ನುತ್ತಾರೆ. "ಇವತ್ತು ಪುರಸಭೆ ರಸ್ತೆ, ಬರೀ ಗುಂಡಿ."

ಜೂನ್ 28

ಹೊಳೆಯಿತು! ಗೆರೆಗಳನ್ನು ಚಿತ್ರವಾಗಿ ಜೋಡಿಸುವುದಲ್ಲ. ಕತ್ತಲ ಪರದೆಯ ಮೇಲೆ ಒಂದಾದ ಮೇಲೊಂದು, ಇವರ ಕೈ ಯಾವ ವೇಗದಲ್ಲಿ ಎಳೆಯಿತೋ ಅದೇ ವೇಗದಲ್ಲಿ, ತಾವೇ ಎಳೆದುಕೊಳ್ಳಬೇಕು. ಜೊತೆಗೆ ಗಾಜಿನ ಮೇಲೆ ಪೆನ್ನು ಉಜ್ಜುವ ಸದ್ದು, ಅಷ್ಟೇ. ಮೊದಲ ಗೆರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಮುಂದೆ ಮುಂದೆ ನೋಡುವವರು ಕಾಯಬೇಕಾಗುತ್ತದೆ.

ಚಿತ್ರಕಲೆ ಓದಿದವಳು ನಾನು, ಹಾಗಂತ ನನಗೇ ಮರೆತುಹೋಗಿತ್ತು. ಜೊತೆಗೆ ಓದಿದವರು ಪ್ರದರ್ಶನ ಮಾಡುತ್ತಾರೆ, ನಾನು ಹೂವಿನ ಅಡ್ಡಛೇದ ಮಾಡುತ್ತೇನೆ. ಇಷ್ಟು ವರ್ಷ ಬಿಡಿಸಿದ ಯಾವುದರ ಕೆಳಗೂ ನನ್ನ ಸಹಿ ಇಲ್ಲ. ಇವತ್ತು ಅನ್ನ ತಳಹಿಡಿಯಿತು. ಇವರು ಕರೆದದ್ದೂ ಕೇಳಿಸಲಿಲ್ಲವಂತೆ. ಬಹಳ ದಿನದ ಮೇಲೆ ಇಷ್ಟು ಚೆನ್ನಾಗಿ ಕೆಲಸ ಮಾಡಿದೆ.

ಜುಲೈ 17

ವ್ಯಾಯಾಮ ಮಾಡಿಸುವವರು ವಾರಕ್ಕೆರಡು ಸಲ ಬರುತ್ತಿದ್ದಾರೆ. ಒಂದು, ಎರಡು ಎಂದು ಶಾಲೆಯ ಡ್ರಿಲ್ಲಿನ ಹಾಗೆ ಎಣಿಸುತ್ತಾರಾದ್ದರಿಂದ ಇವರು ಅವರಿಗೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಇವತ್ತು ಮೇಷ್ಟ್ರು "ಹೇಗಿದೆ ಗಾಡಿ?" ಎಂದು ಕೇಳಿದರು. "ಕ್ಲಚ್ ಹೋಗಿದೆ, ಬ್ರೇಕ್ ಹೋಗ್ತಾ ಇದೆ, ಹಾರ್ನ್ ಒಂದು ಚೆನ್ನಾಗಿದೆ" ಅಂದರು ಇವರು. ಆ ಹಾರ್ನೂ ಸ್ವಲ್ಪ ಕೆಟ್ಟಿದೆ. 'ರ'ಕಾರ ಬರುವಾಗ ನಾಲಿಗೆ ಮಡಚಿಕೊಳ್ಳುತ್ತದೆ. ಮೇಷ್ಟ್ರಿಗೂ ಕೇಳಿಸಿತು, ನನಗೂ ಕೇಳಿಸಿತು. ಮೇಷ್ಟ್ರು ಮತ್ತೆ ಒಂದು, ಎರಡು ಎಂದು ಎಣಿಸತೊಡಗಿದರು.

ಡಿಜಿಟಲ್ ಕಲೆಯ ಪ್ರದರ್ಶನಕ್ಕೆ ಅರ್ಜಿ ಕರೆದಿದ್ದಾರೆ. ಈವರೆಗಿನ ಗೆರೆಗಳನ್ನು ಕಳಿಸಿದೆ.

ಆಗಸ್ಟ್ 5

ಗ್ಯಾಲರಿಯ ಮೇಡಂ ತಾವೇ ಮನೆಗೆ ಬಂದರು! ಊಟದ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿ ತೋರಿಸಿದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಕತ್ತಲಲ್ಲೇ ಕೂತಿದ್ದರು. "ಇದು ಬೆಳೀತಾ ಇದೆ ಅಲ್ವಾ? ಎಲ್ಲಿಗೆ ಹೋಗುತ್ತೆ ಅಂತ ನೋಡ್ಬೇಕು. ಅಕ್ಟೋಬರ್ ಕೊನೇವರೆಗೂ ಸೇರಿಸ್ತಾ ಹೋಗಿ" ಅಂದರು. ಆಮೇಲೆ, "ಇದು ಯಾಕೆ ಕಲೆ, ಬರೀ ದಾಖಲೆ ಯಾಕಲ್ಲ ಅಂತ ಒಂದು ಪುಟ ಬರೆದುಕೊಡಿ. ಆಯ್ಕೆ ಸಮಿತಿಯವರು ಅದನ್ನೇ ಕೇಳೋದು."

ಅವರು ಹೋದ ಮೇಲೆ ಇವರನ್ನೇ ಕೇಳಿದೆ, ಇದು ಯಾರ ಕೃತಿ ಅನ್ನೋಣ ಎಂದು. "ಕಲಿಯೋನು ಕಾರು ಓಡಿಸ್ತಾನೆ, ನಾನು ಪಕ್ಕದಲ್ಲಿ ಕೂತಿರ್ತೀನಿ. ಲೈಸೆನ್ಸು ಅವನ ಹೆಸರಿಗೆ ತಾನೇ ಬರೋದು? ನಿನ್ನ ಹೆಸರೇ ಹಾಕ್ಕೋ" ಅಂದರು. ಎಷ್ಟು ದೊಡ್ಡ ಮನಸ್ಸು.

ಸಂಜೆ ನಾದಿನಿ ಬಂದಳು. ಇವರಿಗೆ ಒಬ್ಬಳೇ ತಂಗಿ, ಅಣ್ಣ ಎಂದರೆ ಪ್ರಾಣ. ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗದಲ್ಲಿ ಕೆಲಸ. ನನ್ನ ಸಂಭ್ರಮವನ್ನೆಲ್ಲ ಕೇಳಿಸಿಕೊಂಡು, "ಅತ್ತಿಗೆ, ಇಸಿಜಿಯಲ್ಲೂ ಗೆರೆ ಬರುತ್ತೆ. ಅದಕ್ಕೂ ಫ್ರೇಮ್ ಹಾಕಿಸ್ತೀರಾ?" ಎಂದಳು.

"ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಕಣೇ."

"ಏನು, ಹೇಳಿ."

ನಾನು ಕಿಟಕಿಯ ಕಂಬಳಿ ಇಳಿಸತೊಡಗಿದೆ. ಅವಳು ಇವರ ಬಟ್ಟೆ ಮಡಚಿಟ್ಟು ಹೋದಳು.

ಆಗಸ್ಟ್ 8

ಕಲೆ ಎಂದರೆ ಭಾವನೆಗೆ ಕೊಟ್ಟ ರೂಪ. (ಶಾಲೆಯ ಪ್ರಬಂಧದ ಹಾಗಿದೆ. ಹೊಡೆದುಹಾಕಿದೆ.)

ಕಲೆ ಎಂದರೆ ಆಯ್ಕೆ. ಇದು ಇರಲಿ.

ಆಗಸ್ಟ್ 19

ಇವತ್ತು ಇವರ ಕೈ ಚೆನ್ನಾಗಿತ್ತು. ಒಳ್ಳೆಯ ನಿದ್ದೆಯಾಗಿತ್ತಂತೆ. ಗೆರೆ ಜೂನ್ ತಿಂಗಳ ಗೆರೆಯಷ್ಟೇ ನೇರವಾಗಿ ಬಂತು. ಮಗುವಿನ ಹಾಗೆ ಹಿಗ್ಗಿಬಿಟ್ಟರು. "ನೋಡಿದ್ಯಾ? ವಾಪಸ್ ಬರ್ತಿದೆ ಕೈ!"

ನನಗೆ ಕಸಿವಿಸಿ. ಇಷ್ಟು ದಿನದ ಇಳಿಜಾರಿನ ನಡುವೆ ಇದೊಂದು ಗೆರೆ ಎದ್ದು ನಿಂತರೆ ನೋಡುವವರಿಗೆ ದಾರಿ ತಪ್ಪುತ್ತದೆ. "ಸೇವ್ ಆಗ್ಲಿಲ್ಲ ರೀ, ಇನ್ನೊಂದ್ಸಲ ಎಳೀರಿ" ಅಂದೆ. ಎಳೆದರು. ಮತ್ತೊಮ್ಮೆ ಎಳೆಸಿದೆ. ಆ ಹೊತ್ತಿಗೆ ಕೈ ಸೋತಿತ್ತು. ಕೊನೆಯದನ್ನು ಇಟ್ಟುಕೊಂಡು ಮೊದಲಿನದನ್ನು ತೆಗೆದೆ. ಇದರಲ್ಲಿ ಸುಳ್ಳೇನೂ ಇಲ್ಲ, ಅದೂ ಅವರದೇ ಗೆರೆ. ಆಯ್ಕೆ ಎಂದು ನಾನೇ ಬರೆದಿದ್ದೇನಲ್ಲ.

ಸೆಪ್ಟೆಂಬರ್ 2

ಮೇಷ್ಟ್ರು ಸ್ಪ್ಲಿಂಟ್ ತಂದುಕೊಟ್ಟರು. ಬಿಳಿ ಪ್ಲಾಸ್ಟಿಕ್ಕಿನದು, ಅಂಗೈ ಅಳತೆಗೆ ಬಗ್ಗಿಸಿ ಮಾಡಿದ್ದು. ಅದರ ಮೇಲೆ ಬೆರಳುಗಳನ್ನು ಚಾಚಿಸಿಟ್ಟು ಪಟ್ಟಿ ಬಿಗಿಯಬೇಕು. ರಾತ್ರಿಯಿಡೀ, ಹಗಲಲ್ಲೂ ಆದಷ್ಟು ಹೊತ್ತು. "ಇದನ್ನ ಬಿಟ್ರೆ ಬೆರಳು ಒಳಗೆ ಮಡಚ್ಕೊಂಡು ಹಾಗೇ ಗಟ್ಟಿಯಾಗಿಬಿಡುತ್ತೆ. ಆಮೇಲೆ ಬಿಡಿಸೋಕಾಗಲ್ಲ, ನೋವೂ ಜಾಸ್ತಿ" ಎಂದು ನನ್ನ ಮುಖ ನೋಡಿ ಎರಡು ಸಲ ಹೇಳಿದರು.

ಸೆಪ್ಟೆಂಬರ್ 5

ಸ್ಪ್ಲಿಂಟ್ ಹಾಕಿದಾಗಿನಿಂದ ಬೆಳಿಗ್ಗೆ ಬೆರಳು ಮೆತ್ತಗಿರುತ್ತವೆ. ಪೆನ್ನು ಹಿಡಿತಕ್ಕೆ ಸಿಗುತ್ತದೆ. ಗೆರೆ ಎರಡು ವಾರ ಹಿಂದಕ್ಕೆ ಹೋಗಿದೆ. ಇಷ್ಟು ದಿನ ಕಟ್ಟಿದ್ದೆಲ್ಲ ಸಡಿಲವಾಗುತ್ತಿದೆ. ಗ್ಯಾಲರಿಯ ಮೇಡಂಗೆ ಏನು ಕಳಿಸಲಿ?

ಸೆಪ್ಟೆಂಬರ್ 6

ಸ್ಪ್ಲಿಂಟನ್ನು ಬೀರುವಿನಲ್ಲಿ ಹೊದಿಕೆಗಳ ಹಿಂದೆ ಇಟ್ಟಿದ್ದೇನೆ. ಕೃತಿ ಮುಗಿಯುವವರೆಗೆ ಮಾತ್ರ. ಇವರಿಗೂ ಅದನ್ನು ಹಾಕಿಕೊಂಡರೆ ಸೆಕೆ, ಬೆವರು, ತುರಿಕೆ. "ಎಲ್ಲಿ ಅದು?" ಎಂದು ಕೇಳಿದರು. "ಒಗೆಯೋಕೆ ಹಾಕಿದೀನಿ" ಅಂದೆ. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ" ಅಂದರು.

ಸೆಪ್ಟೆಂಬರ್ 15

"ಸ್ಪ್ಲಿಂಟ್ ಹಾಕ್ತಿದ್ದೀರಾ?"

"ಹಾಕ್ತಿದ್ದೀವಿ."

ಮೇಷ್ಟ್ರು ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಇವರು ಕಿಟಕಿಯ ಕಡೆ ತಿರುಗಿದ್ದರು. "ಹಾಕಿದ್ರೂ ಹೀಗಾಗಿದೆ ಅಂದ್ರೆ ಕಾಯಿಲೆ ಜೋರಾಗಿದೆ ಅಂತ ಲೆಕ್ಕ" ಎಂದು ಫೈಲಿನಲ್ಲಿ ಏನೋ ಬರೆದುಕೊಂಡರು.

ಸೆಪ್ಟೆಂಬರ್ 24

ಅದ್ಭುತ ಗೆರೆ. ಪರದೆಯ ಮುಕ್ಕಾಲು ಭಾಗಕ್ಕೆ ಬಂದು ನಿಂತು, ಹಿಂದಕ್ಕೆ ಬಂದು, ಮತ್ತೆ ಹೊರಟು, ಅಂಚು ಮುಟ್ಟದೆ ಮುಗಿದಿದೆ. ಈಗ ಪೆನ್ನನ್ನು ರಬ್ಬರ್ ಬ್ಯಾಂಡ್ ಹಾಕಿ ಮುಷ್ಟಿಗೆ ಕಟ್ಟುತ್ತೇನೆ. ಇವರು ಭುಜದಿಂದಲೇ ಇಡೀ ತೋಳನ್ನು ಎಳೆಯುತ್ತಾರೆ. ಸದ್ದೂ ಬೇರೆಯಾಗಿದೆ, ಇವರ ಉಸಿರು ಸೇರಿಕೊಂಡಿದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಅಕ್ಟೋಬರ್ 3

ಕೊನೆಗೂ ಪುಟ ಬರೆದು ಮುಗಿಸಿದೆ. ನಾದಿನಿಯ ಕುಹಕಕ್ಕೆ ಉತ್ತರವೂ ಅದರಲ್ಲೇ ಸಿಕ್ಕಿತು. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

"ಇಸಿಜಿಯೂ ಗೆರೆಯೇ. ಆದರೆ ಅದನ್ನು ನೋಡಿದವರು ಏನಾದರೂ ಮಾಡಲು ಓಡುತ್ತಾರೆ, ಸೂಜಿ ತರುತ್ತಾರೆ, ಮಾತ್ರೆ ಬದಲಿಸುತ್ತಾರೆ. ಯಾವ ಗೆರೆಯನ್ನು ನೋಡಿ ನಾವು ಏನನ್ನೂ ಮಾಡದೆ ಬರಿದೇ ನೋಡುತ್ತ ನಿಲ್ಲುತ್ತೇವೋ, ಅದು ಕಲೆ."

ಮೇಡಂ ಫೋನ್ ಮಾಡಿ, ಸಮಿತಿಯಲ್ಲಿ ಈ ಸಾಲನ್ನು ಗಟ್ಟಿಯಾಗಿ ಓದಿದರು ಎಂದರು. ಆಯ್ಕೆಯಾಗಿದೆ. ದೊಡ್ಡ ಹಾಲ್ ನನಗೇ.

ಇವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮಾತು ಈಗ ಬಹಳ ನಿಧಾನ. "ಚೆನ್ನಾಗಿ… ಬರ್ದಿದೀಯ" ಅಂದರು.

ಅಕ್ಟೋಬರ್ 11

ಇವತ್ತು ದೊಡ್ಡ ರಂಪ.

ನಾದಿನಿ ಅಣ್ಣನಿಗೆ ಊಟ ಮಾಡಿಸಲು ಕೂತವಳು, "ಏನಿದು ವಾಸನೆ?" ಎಂದು ಬಲಗೈ ಮುಷ್ಟಿಯನ್ನು ಮೂಗಿನ ಹತ್ತಿರ ಹಿಡಿದಳು. ಬೆರಳು ಬಿಡಿಸಲು ಹೋದರೆ ಬಿಡಿಸಿಕೊಳ್ಳಲಿಲ್ಲ. ಇವರು ನೋವಿಗೆ ಕೂಗಿದರು. ಇವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಉಗುರುಗಳು ಅಂಗೈಗೆ ಇಳಿದು ಹುಣ್ಣಾಗಿತ್ತು, ಕೀವು ಕಟ್ಟಿತ್ತು.

"ಸ್ಪ್ಲಿಂಟ್ ಎಲ್ಲಿ ಅತ್ತಿಗೆ?"

ನಾನು ಬಾಯಿ ತೆರೆಯುವುದರೊಳಗೆ ಇವರೇ ಮಾತಾಡಿದರು. ಒಂದೊಂದು ಅಕ್ಷರಕ್ಕೂ ಗಂಟಲು ಹಿಂಡಿಕೊಂಡು, "ನಾನೇ… ಬೇಡ… ಅಂದೆ. ಸೆಕೆ."

"ಸೆಕೆ ಅಂತ ಕೈ ಕಳ್ಕೋತಾರೇನೋ ಅಣ್ಣ? ನೀನೇನು ಚಿಕ್ಕ ಮಗುವಾ?" ಎಂದು ಬೈದಳು, ಬೈಯುತ್ತಲೇ ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ನೀವಾದ್ರೂ ಹೇಳ್ಬಾರ್ದಾ? ದಿನಾ ಈ ಕೈಯನ್ನೇ ಅಲ್ವಾ ನೀವು ನೋಡ್ತಾ ಇರೋದು?" ಎಂದಳು.

ಇವರು ಹಾಗೆ ಹೇಳಿದ್ದು ಒಳ್ಳೆಯದೇ ಆಯಿತು. ಇಲ್ಲವಾದರೆ ಪ್ರದರ್ಶನ ಹತ್ತಿರ ಬಂದಿರುವಾಗ ಮಾತಿಗೆ ಮಾತು ಬೆಳೆದು ಎಲ್ಲಿಗೆ ಹೋಗುತ್ತಿತ್ತೋ.

ಅಕ್ಟೋಬರ್ 13

ಬೀರುವಿನಿಂದ ಸ್ಪ್ಲಿಂಟ್ ತೆಗೆದೆ. ಈಗ ಅದರ ಮೇಲೆ ಕೈ ಕೂರುವುದಿಲ್ಲ. ಮೇಷ್ಟ್ರು ಬಟ್ಟೆಯ ಸುರುಳಿ ಮಾಡಿ ಮುಷ್ಟಿಯೊಳಗೆ ತೂರಿಸಿಡಲು ಹೇಳಿದರು. ಇವತ್ತು ಅವರು ಎಣಿಸಲಿಲ್ಲ.

ಅಕ್ಟೋಬರ್ 20

ಬೆಳಿಗ್ಗೆ ಟ್ಯಾಬ್ಲೆಟ್ ತಂದೆ. ಹುಣ್ಣು ಆರುತ್ತಿರುವುದರಿಂದ ಪೆನ್ನನ್ನು ಮಣಿಕಟ್ಟಿಗೆ ಕಟ್ಟಿದೆ. ಪೆನ್ನು ಗಾಜನ್ನು ಮುಟ್ಟಿತು. ಇವರು ಎಳೆಯಲಿಲ್ಲ. ಆಗಲಿಲ್ಲವೋ, ಮನಸ್ಸಾಗಲಿಲ್ಲವೋ. ಕಾದೆ. "ಸ್ವಲ್ಪ ಪ್ರಯತ್ನ ಮಾಡಿ ರೀ" ಅಂದೆ. ತಲೆ ಒಂದೇ ಸಲ ಆ ಕಡೆಯಿಂದ ಈ ಕಡೆಗೆ ಆಡಿಸಿದರು.

ಕಡತದಲ್ಲಿ ಒಂದು ಚುಕ್ಕೆ ಉಳಿದಿದೆ. ಇದಕ್ಕಿಂತ ಒಳ್ಳೆಯ ಮುಕ್ತಾಯವನ್ನು ನಾನು ಯೋಚಿಸಿ ಮಾಡಲು ಸಾಧ್ಯವಿರಲಿಲ್ಲ.

ನವೆಂಬರ್ 14

ಉದ್ಘಾಟನೆ ಮುಗಿಯಿತು. ಏನೆಂದು ಬರೆಯಲಿ.

ಹಾಲಿನ ಗೋಡೆಗೆಲ್ಲ ಕಪ್ಪು ಬಟ್ಟೆ. ಬಾಗಿಲ ಬಳಿ ಫಲಕದ ಮೇಲೆ ಕೃತಿಯ ಹೆಸರು, ಅದರ ಕೆಳಗೆ ನನ್ನ ಹೆಸರು, ಅದರ ಕೆಳಗೆ ಆ ಇಸಿಜಿಯ ಸಾಲು. ಫೋಟೊ ತೆಗೆದುಕೊಂಡೆ.

ಇವರು ಬರುತ್ತೇನೆಂದು ಹಟ ಹಿಡಿದಿದ್ದರು. ನಾದಿನಿ ಬಾಡಿಗೆ ವ್ಯಾನಿನಲ್ಲಿ ಗಾಲಿಕುರ್ಚಿ ಸಮೇತ ಕರೆತಂದಳು. ಇಸ್ತ್ರಿ ಮಾಡಿದ ಅಂಗಿ, ತಲೆ ಬಾಚಿ, ಬಲಗೈ ಮೇಲೊಂದು ಶಾಲು. ನಟ್ಟನಡುವೆ, ಎಲ್ಲರಿಗಿಂತ ಮುಂದೆ ಕೂರಿಸಿದಳು. ಇವರಿಗೆ ನೀರು ಬೇಕೆಂದು ಅವಳು ಹೊರಗೆ ಹೋದಾಗ ದೀಪ ಆರಿಸಿದರು. ಹೈವೇ ಹೋಯಿತು. ಎರಡನೆಯ ಗೆರೆ ಹೋಯಿತು. ಪ್ರೊಜೆಕ್ಟರಿನ ಬೆಳಕಿಗೆ ಇವರ ತಲೆಯ ನೆರಳು ಪರದೆಯ ಕೆಳಭಾಗದಲ್ಲಿ ಬೀಳುತ್ತಿತ್ತು, ಗುಡ್ಡದ ಹಾಗೆ. ಹಿಂದಿನಿಂದ ಯಾರೋ, "ಸ್ವಲ್ಪ ಆ ಕುರ್ಚಿ ಸರಿಸ್ತೀರಾ? ಕಾಣ್ತಾ ಇಲ್ಲ" ಅಂದರು. ಇನ್ನೊಬ್ಬರೂ ಅಂದರು. ನಾನು ಬಗ್ಗಿಕೊಂಡು ಹೋಗಿ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಬ್ರೇಕ್ ಹಾಕಿ ಬಂದೆ. ಆಮೇಲೆ ಯಾವ ಅಡ್ಡಿಯೂ ಆಗಲಿಲ್ಲ.

ಕೊನೆಯ ಗೆರೆಗಳ ಹೊತ್ತಿಗೆ ಹಾಲಿನಲ್ಲಿ ಯಾರೂ ಕೆಮ್ಮಲೂ ಇಲ್ಲ. ಚುಕ್ಕೆ ಮೂಡಿ ನಿಂತಾಗ ಯಾರೋ ಬಿಕ್ಕಿದ್ದು ಕೇಳಿಸಿತು. ಆಮೇಲೆ ಚಪ್ಪಾಳೆ. ಮೇಡಂ ನನ್ನನ್ನು ತಬ್ಬಿಕೊಂಡರು. ಇನ್ನೊಂದು ಊರಿನ ಗ್ಯಾಲರಿಯವರೂ ಬಂದಿದ್ದರು, ಮಾತಾಡಿಸಿದರು.

ಒಬ್ಬ ಹೆಂಗಸು ನನ್ನ ಕೈ ಹಿಡಿದು, "ಇದು ಯಾರ ಕೈ?" ಎಂದು ಕೇಳಿದಳು. "ಹತ್ತಿರದವರೊಬ್ಬರದು" ಅಂದೆ. ಯಾಕೆ ಹಾಗಂದೆನೋ. ಸುತ್ತ ಬಹಳ ಜನ ಇದ್ದರು.

ನವೆಂಬರ್ 16

ನಿನ್ನೆಯೆಲ್ಲ ಫೋನುಗಳು. ಇವತ್ತು ಮಧ್ಯಾಹ್ನ ಬಿಡುವಾಗಿ ಇವರ ಪಕ್ಕ ಕೂತು ಕೇಳಿದೆ, "ಹೇಗಿತ್ತು, ನೀವೇನೂ ಹೇಳ್ಲೇ ಇಲ್ಲ?"

ಬಹಳ ಹೊತ್ತು ತೆಗೆದುಕೊಂಡರು. ಈಗ ಇವರ ಮಾತನ್ನು ಬಾಯಿಯ ಹತ್ತಿರ ಕಿವಿ ಇಟ್ಟು ಹೆಕ್ಕಿಕೊಳ್ಳಬೇಕು.

"ಎರಡು… ಗೆರೆ. ಆಮೇಲೆ… ಕಂಬ."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಾನು ಕುರ್ಚಿ ನಿಲ್ಲಿಸಿದ ಜಾಗದಲ್ಲಿ ಹಾಲಿನ ಕಂಬವಿತ್ತು. ಕುತ್ತಿಗೆ ತಿರುಗಿಸಲು ಇವರಿಗೆ ಈಗ ಆಗುವುದಿಲ್ಲ. ದೀಪ ಆರಿದ ಮೇಲೆ ನಾದಿನಿಯನ್ನು ಒಳಗೆ ಬಿಟ್ಟಿರಲಿಲ್ಲ. ಪ್ರದರ್ಶನ ಮುಗಿಯುವವರೆಗೂ ಕಂಬವನ್ನೇ ನೋಡುತ್ತ, ತಮ್ಮದೇ ಉಸಿರಿನ ಸದ್ದನ್ನು ಕೇಳುತ್ತ ಕೂತಿದ್ದರು.

"ಲ್ಯಾಪ್‌ಟಾಪ್ ತರ್ತೀನಿ, ಈಗಲೇ ಪೂರ್ತಿ ತೋರಿಸ್ತೀನಿ" ಎಂದು ಎದ್ದೆ.

"ಬೇಡ."

"ಯಾಕೆ?"

ಇವರ ತುಟಿಯ ಒಂದು ಬದಿ ಮಾತ್ರ ಈಗ ನಗುತ್ತದೆ. "ಕಂಬ… ಚೆನ್ನಾಗಿತ್ತು."

ನಾನು ನಗಲಿಲ್ಲ. ಎದ್ದವಳು ಮತ್ತೆ ಕೂತೆ. ಇವರು ಕಣ್ಣು ಮುಚ್ಚಿಕೊಂಡರು.

ನವೆಂಬರ್ 23

ಏನೂ ಇಲ್ಲ.

ನವೆಂಬರ್ 30

ಕೆಮ್ಮು. ಕಫ ತೆಗೆಯುವ ಯಂತ್ರ ಬಾಡಿಗೆಗೆ ತಂದೆವು. ನಾದಿನಿ ಹೇಳಿಕೊಟ್ಟಳು. ನಳಿಕೆ ಕೆನ್ನೆಯ ಒಳಬದಿಗೆ ಹೋಗಬೇಕು, ಗಂಟಲಿಗೆ ಚುಚ್ಚಬಾರದು. ಮೊದಲ ಸಲ ನಳಿಕೆ ಹಲ್ಲಿಗೆ ತಾಗಿತು. ಎರಡನೆಯ ಸಲ ಸರಿಹೋಯಿತು.

"ಸ್ಪ್ಲಿಂಟ್ ಬೇಡ ಅಂದಿದ್ದು ಅಣ್ಣ ಅಲ್ಲ, ಅಲ್ವಾ ಅತ್ತಿಗೆ?" ಎಂದು ನಿನ್ನೆ ಅಡುಗೆಮನೆಯಲ್ಲಿ ಕೇಳಿದಳು. ಪಾತ್ರೆ ತೊಳೆಯುತ್ತಿದ್ದೆ. "ಅಲ್ಲ" ಅಂದೆ. ಅವಳು ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟು ಹೊರಟುಹೋದಳು. ಇವತ್ತು ಬಂದಿಲ್ಲ, ನಾಳೆ ಬರುತ್ತಾಳೋ ಇಲ್ಲವೋ.

ಡಿಸೆಂಬರ್ 2

ಬಂದಳು. ಅಣ್ಣನ ಜೊತೆ ಮಾತ್ರ ಮಾತಾಡಿದಳು.

ಡಿಸೆಂಬರ್ 8

ಬಲಗೈ ಉಗುರು ತೆಗೆದೆ. ಬೆಳಗೆಲ್ಲ ಅದೇ ಆಯಿತು. ಸುಮ್ಮನೆ ಬಿಡಿಸಿದರೆ ನೋಯುತ್ತದೆ. ಬೋಗುಣಿಯಲ್ಲಿ ಬಿಸಿನೀರು, ಮೊಳಕೈ ಅದ್ದಿ ನೋಡಿಕೊಳ್ಳಬೇಕು, ನನ್ನ ಬೆರಳಿನ ಅಂದಾಜು ಸಾಲದು. ಮುಷ್ಟಿಯನ್ನು ನೀರಲ್ಲಿ ಇಳಿಬಿಟ್ಟು, ನೀರು ಆರಿದ ಹಾಗೆ ಮತ್ತೆ ಬಿಸಿ ಸೇರಿಸಿದೆ. ಬೆರಳ ತುದಿ ಹಿಡಿದು ಎಳೆಯಬಾರದು. ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದರೆ ಬೆರಳುಗಳು ತಾವಾಗಿ ಸ್ವಲ್ಪ ಸಡಿಲವಾಗುತ್ತವೆ. ಹಾಗೆ ಹೆಬ್ಬೆರಳು ಬಂತು. ಆಮೇಲೆ ತೋರುಬೆರಳು. ಒಳಗೆ ಚರ್ಮ ಬೆಳ್ಳಗೆ ಹತ್ತಿಯಂತಾಗಿದೆ. ಹುಣ್ಣಿನ ಜಾಗದಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ, ಮುಟ್ಟಲೇ ಹೆದರಿಕೆ. ನೈಲ್‌ಕಟರ್ ಆ ಸಂದಿಗೆ ಹೋಗುವುದಿಲ್ಲ. ಎಳೆ ಮಕ್ಕಳ ಉಗುರು ಕತ್ತರಿಸುವ ಪುಟ್ಟ ಕತ್ತರಿ ತಂದುಕೊಂಡಿದ್ದೆ. ಒಂದೊಂದು ಉಗುರನ್ನೂ ಚೂರು ಚೂರಾಗಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ನನ್ನ ಕೆನ್ನೆಗೆ ಒತ್ತಿ ನೋಡಿದೆ, ಚುಚ್ಚುತ್ತದೆಯೇ ಎಂದು.

ಮಧ್ಯದಲ್ಲಿ ಮೊಬೈಲ್ ಎರಡು ಸಲ ಹೊಡೆದುಕೊಂಡಿತು. ಕೈ ಒದ್ದೆ ಇತ್ತು. ಆಮೇಲೆ ನೋಡಿದರೆ ಗ್ಯಾಲರಿಯ ಮೇಡಂ.

ಉಂಗುರದ ಬೆರಳಿನ ಹೊತ್ತಿಗೆ ಇವರಿಗೆ ನಿದ್ದೆ ಹತ್ತಿತ್ತು. ಕಿರುಬೆರಳು ಬಿಡಲಿಲ್ಲ. ಸ್ವಲ್ಪ ಒತ್ತಾಯ ಮಾಡಿದರೂ ನಿದ್ದೆಯಲ್ಲೇ ಹುಬ್ಬು ಗಂಟಾಗುತ್ತದೆ. ಅಲ್ಲಿಗೇ ನಿಲ್ಲಿಸಿದೆ. ಸಂದಿಗಳನ್ನೆಲ್ಲ ಒಣಬಟ್ಟೆಯಲ್ಲಿ ಒತ್ತಿ ಒರೆಸಿ, ಕಿರುಬೆರಳ ಕೆಳಗೆ ಹತ್ತಿ ತೂರಿಸಿ, ಸುರುಳಿ ಇಟ್ಟೆ.

ಎಡಗೈ ನಾಳೆ.